ಅಡಮಿನಬಿ ದಾಟಿದ ಮೇಲೆ

ಇವತ್ತು ಆಸ್ಟ್ರೇಲಿಯಾದ ಸ್ನೋಯಿ ಮೌಂಟನ್ಸ್ ಹೈವೇ ಹಿಡಿದು ಕೂಮಾದಿಂದ ಟ್ಯೂಮಟ್ ಕಡೆ ಹೊರಟೆವು. ಅಡಮಿನಬಿಯಲ್ಲಿ ಕಾಫಿಗೆ ನಿಂತೆವು. ಇದು ಹೊಸ ಅಡಮಿನಬಿ. ಹಳೆಯದು ಯೂಕಂಬೀನ್ ಜಲಾಶಯದ ಪಾಲಾಯಿತು. 1950ರ ದಶಕದಲ್ಲಿ ನೂರಕ್ಕೂ ಜಾಸ್ತಿ ಕಟ್ಟಡಗಳನ್ನು ಇಲ್ಲಿಗೆ ಸಾಗಿಸಿದರು. ಎಷ್ಟೋ ಮನೆಗಳು ಇಡಿಯಾಗಿ ಲಾರಿ ಮೇಲೆ ಬಂದವು! 2007ರ ಬರದಲ್ಲಿ ನೀರು ಇಳಿದಾಗ ಹಳೇ ಊರಿನ ಅವಶೇಷ ಮೇಲೆ ಬಂದಿತ್ತು. ಅಲ್ಲಿ ಹುಟ್ಟಿದವರಿಗೆ ಅದನ್ನು ನೋಡಿ ಏನನ್ನಿಸಿರಬೇಕು, ಅಲ್ವಾ?

ಮುಂದೆ ಕಿಯಾಂಡ್ರ. 1859ರಲ್ಲಿ ಚಿನ್ನ ಸಿಕ್ಕಿ ಸಾವಿರಾರು ಜನ ಮುತ್ತಿದ್ದ ಜಾಗ. ಈಗ ಬರೀ ಹುಲ್ಲು, ಗಾಳಿ. ಉಳಿದಿದ್ದ ಕೋರ್ಟ್ ಕಟ್ಟಡವೂ 2020ರ ಕಾಡ್ಗಿಚ್ಚಿಗೆ ಸಿಕ್ಕಿತು. ಸುಟ್ಟ ಸ್ನೋ ಗಮ್ ಮರಗಳು ಬಿಳಿ ಎಲುಬಿನಂತೆ ನಿಂತಿವೆ. ಬುಡದಲ್ಲಿ ಚಿಗುರು. ಕಾರು ನಿಲ್ಲಿಸಿ ತುಂಬಾ ಹೊತ್ತು ಸುಮ್ನೆ ನೋಡುತ್ತಾ ನಿಂತೆ.