ಕೆಂಪಿಯ ಹುಣ್ಣು, ಕಾಕಾನ ತಿಪ್ಪೆ

ಸೆಪ್ಟೆಂಬರ್ 14, 2025, ರವಿವಾರ
ಉಮದಿ ಹತ್ತಿರ, ಜತ್ತ ತಾಲೂಕು, ಮಹಾರಾಷ್ಟ್ರ

ಅಂತೂ ಇವತ್ತು ಕುರಿ ಕಾಯುವ ಕಾಕಾನ ಕುದುರೆ ಕೆಂಪಿಯ ಕಾಲಿನ ಕೆಟ್ಟ ಮಾಂಸ ಕೊಯ್ದು ತೆಗೆದಾಯಿತು. ರಜೆಯ ದಿನವಾದರೂ ಪಶುವೈದ್ಯೆ ಬಂದರು. ನಾವೆಲ್ಲ ಅವರನ್ನು ಕರೆಯುವುದು ‘ಡಾಕ್ಟರ್ ಬಾಯಿ’ ಎಂದು (‘ಬಾಯಿ’ ಮರಾಠಿಯಲ್ಲಿ ಹೆಂಗಸರಿಗೆ ಗೌರವದ ಮಾತು). ಝೈಲಜಿನ್ ಚುಚ್ಚಿದ ಸ್ವಲ್ಪ ಹೊತ್ತಿಗೆ ಕೆಂಪಿ ನಿಂತಲ್ಲೇ ತಲೆ ಇಳಿಬಿಟ್ಟು, ಕೆಳತುಟಿ ಜೋಲಿಸಿ ತೂಕಡಿಸತೊಡಗಿತು. ಆಮೇಲೆ ಹುಣ್ಣಿನ ಮೇಲ್ಭಾಗದಲ್ಲಿ ಕಾಲಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್. ಕಾಕಾ ಹಗ್ಗ ಹಿಡಿದು ಕಿವಿಯಲ್ಲಿ ಏನೇನೋ ಪಿಸುಗುಡುತ್ತಿದ್ದ. ಅವನ ಮಗ ನೀರಿನ ಕೊಡ ಹೊತ್ತು ನಿಂತ. ನನ್ನ ಪಾಲಿಗೆ ಬ್ಯಾಟರಿ ಮತ್ತು ಗಾಜಿನ ಡಬ್ಬಿ.

ರಕ್ತ ಬಹಳ ಹೋಯಿತು. ಹೀಗೆ ಹೆಚ್ಚಿಗೆ ಬೆಳೆದ ಮಾಂಸದ ತುಂಬ ರಕ್ತನಾಳ, ನರ ಮಾತ್ರ ಇಲ್ಲ. ನೋಡುವವರಿಗೇ ಅದಕ್ಕಿಂತ ಹೆಚ್ಚು ನೋವು ಎಂದು ಬಾಯಿ ಮೊದಲೇ ಹೇಳಿದ್ದರು. ಮರಾಠಿಯಲ್ಲಿ ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಕಾಕಾನಿಗೆ ದಾಟಿಸಿದ್ದೆ. ಆದರೂ ಮೊದಲ ಚೂರು ಬಿದ್ದಾಗ ಕಾಕಾ ಮುಖ ಆ ಕಡೆ ತಿರುಗಿಸಿದ. ನೂರಾರು ಕುರಿಗಳ ಹೆರಿಗೆ ಮಾಡಿಸಿದ ಕೈ ಅವನದು. ತೋಳ ಹರಿದ ಕುರಿಯ ಹೊಟ್ಟೆಯನ್ನು ದಬ್ಬಣದಿಂದ ಹೊಲಿದವನು. ಕೆಂಪಿಯ ಕಾಲು ನೋಡಲಾಗಲಿಲ್ಲ.

ಕೊಯ್ದ ಮಾಂಸವನ್ನು ಬಾಯಿ ಬೆರಳಲ್ಲಿ ಹಿಸುಕಿ ತೋರಿಸಿದರು. ಕೆಂಪು ಮಾಂಸದ ನಡುವೆ ಜೋಳದ ನುಚ್ಚಿನಂಥ ಹಳದಿ ಹರಳುಗಳು, ಕೈಗೆ ಗರಗರ ಎನ್ನುವಂಥವು. ಅದರದೊಂದು ತುಂಡು ಫಾರ್ಮಾಲಿನ್ ಡಬ್ಬಿಗೆ ಹೋಯಿತು. ಪ್ರಯೋಗಾಲಯದವರು ನೋಡಿ ಹೇಳಿದರೆ ಪಕ್ಕಾ ಆಗುತ್ತದೆ. ಆದರೆ ಮಳೆಗಾಲದಲ್ಲಿ ಏಳುವುದು, ತುರಿಕೆ, ಈ ಹರಳು, ಎಲ್ಲ ನೋಡಿದರೆ ಬರ್ಸಾತಿಯೇ ಎಂದರು.

ಕುದುರೆ ಸಾಕಿದ ಹಳಬರಿಗೆಲ್ಲ ಈ ಹೆಸರು ಗೊತ್ತು. ಮಳೆಗಾಲಕ್ಕೆ ಎದ್ದು ಚಳಿಗಾಲಕ್ಕೆ ತಾನೇ ಬತ್ತಿ, ಮರುವರ್ಷ ಅಲ್ಲೇ ಮತ್ತೆ ತಲೆ ಎತ್ತುವ ಹುಣ್ಣು. ಇದನ್ನು ಎಬ್ಬಿಸುವ ಹುಳಕ್ಕೆ ಪುಸ್ತಕದಲ್ಲಿ ಹ್ಯಾಬ್ರೋನೀಮಾ ಅಂತ ಹೆಸರಿದೆ. ಕೆಂಪಿಗೆ ಶುರುವಾದದ್ದು ಮುಂಗಾಲಿನ ಕಟ್ಟಿನಿಂದ. ಮೊದಲು ಉಣ್ಣೆಯ ಹಗ್ಗದಿಂದ ಕಾಲು ಕಟ್ಟಿ ಮೇಯಲು ಬಿಡುತ್ತಿದ್ದರು, ಈಗ ಎಲ್ಲೆಲ್ಲೂ ನೈಲಾನ್. ಗೊರಸಿನ ಮೇಲಿನ ಗಂಟಿನ ಹತ್ತಿರ ತರಚಿತು. ಜುಲೈ ಮಳೆಗೆ ಆ ತರಚು ಮುಷ್ಟಿ ಗಾತ್ರಕ್ಕೆ ಬೆಳೆದು, ಕೆಂಪಿ ಅದನ್ನು ತಾನೇ ಕಚ್ಚಿ ಕಚ್ಚಿ ಹರಿದುಕೊಳ್ಳತೊಡಗಿತು.

ನಮ್ಮ ಕಡೆಯವರಲ್ಲದ ಓದುಗರಿಗಾಗಿ ಒಂದು ಮಾತು. ಕಾಕಾನದು ಓಟದ ಕುದುರೆಯಲ್ಲ, ಮದುವೆ ಮೆರವಣಿಗೆಯದೂ ಅಲ್ಲ. ನಮ್ಮ ಭಾಗದ ಕುರುಬರು ದೀಪಾವಳಿ ಮುಗಿಸಿ ಮಾಡಗ್ಯಾಳ ತಳಿಯ ಕುರಿಗಳನ್ನು ಹೊಡೆದುಕೊಂಡು ಕೃಷ್ಣಾ ದಂಡೆಯ ಕಡೆ ಇಳಿಯುತ್ತಾರೆ. ಹಾದಿಯಲ್ಲಿ ಡೇರೆ, ಪಾತ್ರೆ, ಹಿಟ್ಟಿನ ಚೀಲ, ನಡೆಯಲಾರದ ಮರಿಗಳು, ಕೋಳಿ, ಕೆಲವೊಮ್ಮೆ ಕೂಸು ಕೂಡ ಕುದುರೆಯ ಬೆನ್ನ ಮೇಲೆಯೇ. ಗಿಡ್ಡ, ಗಟ್ಟಿ ಕುದುರೆಗಳು. ಭೀಮಾ ಬಯಲಿನ ಈ ಜಾತಿಯನ್ನು ಈಚೆಗಷ್ಟೇ ಭೀಮಥಡಿ ಎಂಬ ಹೆಸರಲ್ಲಿ ಪ್ರತ್ಯೇಕ ತಳಿಯಾಗಿ ಕೇಂದ್ರದವರು ದಾಖಲು ಮಾಡಿಕೊಂಡಿದ್ದಾರೆ. ಕಾಕಾನಿಗೆ ಆ ಸುದ್ದಿ ಹೇಳಿದಾಗ, ‘ಇಷ್ಟ ದಿನಾ ಏನ್ ಕತ್ತೆ ಅಂತ ತಿಳಿದಿದ್ರೇನು?’ ಎಂದು ಕೇಳಿದ. ಮೇಲಾಗಿ ಕುದುರೆ ಮೈಲಾರಲಿಂಗನ ವಾಹನ. ಹುಣ್ಣಿನ ಮೇಲೆ ಮೊದಲು ಬಿದ್ದದ್ದು ದೇವರ ಭಂಡಾರ, ಅಂದರೆ ಅರಿಸಿನ ಪುಡಿ. ಆಮೇಲೆ ಟ್ರ್ಯಾಕ್ಟರಿನ ಸುಟ್ಟ ಎಣ್ಣೆ. ಆಮೇಲೆ ಯಾರೋ ಮೊಬೈಲಿನಲ್ಲಿ ತೋರಿಸಿದರೆಂದು ಮೈಲುತುತ್ತ. ಕಾಯಿಸಿದ ಕಬ್ಬಿಣದಿಂದ ಬರೆ ಎಳೆಯಲು ಒಬ್ಬ ತಯಾರಾಗಿ ಬಂದಿದ್ದ. ಅವನನ್ನು ಅಟ್ಟಿದವಳು ಕಾಕಿ.

ಔಷಧಕ್ಕಿಂತ ಕಷ್ಟವಾದದ್ದು ಊರಿನ ಬಾಯಿ. ಕುದುರೆಗೆ ಹುಣ್ಣಾಯಿತೆಂದರೆ ಗ್ಲ್ಯಾಂಡರ್ಸ್ ಎಂದು ಹಬ್ಬಿಸಲು ಒಬ್ಬನಿದ್ದರೆ ಸಾಕು. ಅದು ನಿಜವಾಗಿಯೂ ಹೆದರಬೇಕಾದ ರೋಗ. ಮನುಷ್ಯರಿಗೂ ಹತ್ತುತ್ತದೆ, ಕುದುರೆಗೆ ಔಷಧ ಮಾಡುವ ಹಾಗಿಲ್ಲ. ಖಚಿತವಾದರೆ 2009ರ ಕಾಯ್ದೆಯ ಪ್ರಕಾರ ಕುದುರೆಗೆ ದಯಾಮರಣವೇ. ಅದರಲ್ಲಿ ಗಂಟುಗಳು ಕಾಲಿನ ಉದ್ದಕ್ಕೂ ಸಾಲಾಗಿ ಏಳುತ್ತವೆ, ಒಡೆದು ಅಂಟು ಕೀವು ಸುರಿಯುತ್ತದೆ, ಮೂಗು ಸೋರುತ್ತದೆ. ಕೆಂಪಿಗೆ ಇದ್ದದ್ದು ಒಂದೇ ಹುಣ್ಣು, ಜ್ವರವಿಲ್ಲ, ಮೂಗು ಒಣ. ಆದರೂ ಬೇರೆ ಜಿಲ್ಲೆ ಹಾಯ್ದು ಹೋಗುವ ಕುದುರೆ, ಸಂಶಯ ಉಳಿಯುವುದು ಬೇಡ ಎಂದು ಬಾಯಿ ರಕ್ತ ತೆಗೆದು ಕಳಿಸಿದ್ದಾರೆ. ಕೊನೆಯ ಮಾತು ಹರಿಯಾಣದ ಹಿಸಾರ್‌ನಲ್ಲಿರುವ ಕುದುರೆಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರದ್ದು. ಫಲಿತಾಂಶ ಇನ್ನೂ ಬಂದಿಲ್ಲ. ಅಷ್ಟರಲ್ಲೇ ನೆರೆಯವರು ಮಕ್ಕಳನ್ನು ಆ ಓಣಿಗೆ ಬಿಡುತ್ತಿಲ್ಲ. ಕಾಕಾ ಕೆಂಪಿಯನ್ನು ಮನೆ ಹಿಂದೆ ಕಟ್ಟಿ, ಕೇಳಿದವರಿಗೆ ಮುಳ್ಳು ಚುಚ್ಚಿದೆ ಎನ್ನುತ್ತಿದ್ದ.

‘ಮಾಸ್ತರ, ಮಾರಿಬಿಡು ಅಂತಾರ. ಹುಣ್ಣಿದ್ದ ಕುದುರಿ ಯಾರ ತಗೋತಾರ? ಸುಮ್ನ ಮಾತಾಡಾಕ ರೊಕ್ಕ ಹತ್ತೂದಿಲ್ಲ ನೋಡ್ರಿ.’

ಇಂಥ ಹೊತ್ತಲ್ಲಿ ‘ಧೈರ್ಯ ತಗೋ’ ಎನ್ನುವುದು ನನಗೆ ಯಾವತ್ತೂ ಪೊಳ್ಳು ಮಾತು ಅನಿಸಿದೆ. ನನ್ನಿಂದ ಆಗುವುದು ಎರಡು ಕೆಲಸ: ಬಾಯಿಯ ಮರಾಠಿಯನ್ನು ಕನ್ನಡ ಮಾಡುವುದು, ಲೆಕ್ಕ ಹಾಕುವುದು.

ಲೆಕ್ಕ ಎಂದರೆ ತೂಕದ್ದು. ಕುದುರೆಯನ್ನು ತೂಗುವ ತಕ್ಕಡಿ ಇಲ್ಲೆಲ್ಲಿ? ಕಾಕಿಯ ಸೊಸೆ ಬ್ಲೌಸ್ ಹೊಲಿಯುವ ಟೇಪು ತಂದಳು. ಎದೆ ಸುತ್ತಳತೆ 140 ಸೆಂಟಿಮೀಟರ್, ಭುಜದ ಮುಂತುದಿಯಿಂದ ಚಪ್ಪೆಯ ತುದಿಗೆ 125. ಸುತ್ತಳತೆಯನ್ನು ಸುತ್ತಳತೆಯಿಂದ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ. 206 ಬಂತು. ಮರುದಿನ ಏಳನೇ ತರಗತಿಗೆ ಇದೇ ಲೆಕ್ಕ ಕೊಟ್ಟೆ. ಒಬ್ಬ ಪುಣ್ಯಾತ್ಮ ದಶಮಾಂಶದ ಚುಕ್ಕೆ ಮರೆತು ಕೆಂಪಿಯನ್ನು ಎರಡು ಟನ್ ಮಾಡಿಬಿಟ್ಟ.

ಹುಳದ ಔಷಧ ಐವರ್ಮೆಕ್ಟಿನ್, ಕಿಲೋಗೆ 0.2 ಮಿಲಿಗ್ರಾಂ, ಅಂದರೆ ಕೆಂಪಿಗೆ 41ರ ಆಸುಪಾಸು. ಕಾಕಾನ ಮನೆಯಲ್ಲಿ ಕುರಿಗೆ ಚುಚ್ಚುವ ಐವರ್ಮೆಕ್ಟಿನ್ ಬಾಟಲಿ ಯಾವತ್ತೂ ಇರುತ್ತದೆ, ಅದನ್ನೇ ಚುಚ್ಚುತ್ತೇನೆ ಎಂದು ಹೊರಟಿದ್ದ. ಬಾಯಿ ಜೋರು ಮಾಡಿದರು. ಕುರಿ ದನಗಳ ಆ ಇಂಜೆಕ್ಷನ್ ಕುದುರೆಯ ಮಾಂಸಖಂಡಕ್ಕೆ ಹೋದರೆ ಅಲ್ಲಿ ಬಾವು ಬಂದು, ಕೊಳೆತು ಜೀವಕ್ಕೇ ಕುತ್ತಾದದ್ದುಂಟು. ಕುದುರೆಗೆಂದೇ ಬಾಯಿಗೆ ಹಾಕುವ ಪೇಸ್ಟ್ ಇದೆ, ಪಿಚಕಾರಿಯ ಮೇಲೆ ತೂಕದ ಗೆರೆಗಳಿರುತ್ತವೆ. ವಿಜಯಪುರದಿಂದ ತರಿಸಿದೆವು.

ಇನ್ನು ತಿಪ್ಪೆ. ಇಡೀ ಔಷಧೋಪಚಾರದಲ್ಲಿ ಜಗಳವಾದದ್ದು ಇದೊಂದಕ್ಕೇ.

ಈ ಹುಳದ ಸಂಸಾರ ವಿಚಿತ್ರ. ದೊಡ್ಡ ಹುಳ ಇರುವುದು ಕುದುರೆಯ ಜಠರದಲ್ಲಿ. ಅದರ ಮರಿಗಳು ಲದ್ದಿಯಲ್ಲಿ ಹೊರಬೀಳುತ್ತವೆ. ಲದ್ದಿಯಲ್ಲಿ ಬೆಳೆಯುವ ನೊಣದ ಹುಳುಗಳು ಅವನ್ನು ನುಂಗುತ್ತವೆ, ರೆಕ್ಕೆ ಬಂದು ಹಾರುವಾಗ ಒಡಲಲ್ಲೇ ಹೊತ್ತೊಯ್ಯುತ್ತವೆ. ನೊಣ ಕುದುರೆಯ ತುಟಿಯ ಮೇಲೆ ಕೂತರೆ ಮರಿ ಬಾಯಿಗಿಳಿದು ಜಠರ ಸೇರಿ ದೊಡ್ಡದಾಗುತ್ತದೆ. ಗಾಯದ ಮೇಲೆ ಕೂತರೆ ಅಲ್ಲಿಳಿದ ಮರಿಗೆ ಮುಂದೆ ದಾರಿಯಿಲ್ಲ. ಬೆಳೆಯಲಾರದು, ಹೊರಗೆ ಬರಲಾರದು, ಅಲ್ಲೇ ಸಾಯುತ್ತದೆ. ಸತ್ತದ್ದಕ್ಕೆ ಕುದುರೆಯ ಮೈ ಸಿಟ್ಟಾಗಿ ತುರಿಕೆ ಎಬ್ಬಿಸಿ ಮಾಂಸ ಬೆಳೆಸುತ್ತದೆ. ಅದಕ್ಕೇ ಹುಳದ ಔಷಧದ ಜೊತೆಗೆ ಆ ಸಿಟ್ಟು ಇಳಿಸಲು ಸ್ಟಿರಾಯ್ಡ್ ಕೂಡ. ಮಳೆಗಾಲದ ಬಿಸಿಗೆ ನೊಣ ಮೊಟ್ಟೆಯಿಂದ ರೆಕ್ಕೆಗೆ ಬರಲು ವಾರ ಹತ್ತು ದಿನ ಸಾಕು. ಮನೆ ಮುಂದೆ ತಿಪ್ಪೆಯಲ್ಲಿ ಲದ್ದಿ ಬಿದ್ದಿರುವವರೆಗೆ ಹುಣ್ಣಿಗೆ ಏನು ಬಳಿದರೂ ನೊಣ ಹೊಸ ಮರಿ ತಂದು ಬಿಡುತ್ತಲೇ ಇರುತ್ತದೆ.

ಕಾಕಾ ಒಪ್ಪಲಿಲ್ಲ. ‘ಗೊಬ್ಬರ ಅಂದ್ರ ರೊಕ್ಕರೀ ಮಾಸ್ತರ. ದವಾಖಾನಿ ರೊಕ್ಕ ಎಲ್ಲಿಂದ ಬರ್ತೈತಿ ಅಂತ ತಿಳಿದೀರಿ? ಅದನ್ನ ತಗದ ಒಗಿ ಅಂದ್ರ ಹ್ಯಾಂಗ?’

ತಪ್ಪೇನಿಲ್ಲ. ಕುರಿ ಕೂಡಿಸಿದ ರಾತ್ರಿಗೆ ಹೊಲದವರು ಕಾಳು, ದುಡ್ಡು ಕೊಡುವುದೇ ಆ ಗೊಬ್ಬರಕ್ಕೆ. ಊರಲ್ಲಿದ್ದಾಗ ಟ್ರಾಲಿ ಲೆಕ್ಕದಲ್ಲಿ ತಿಪ್ಪೆ ಮಾರುತ್ತದೆ. ಬಾಯಿಯನ್ನು ಮತ್ತೆ ಕೇಳಿದೆ. ಈ ಹುಳ ಬರುವುದು ಕುದುರೆಯಿಂದಲೇ, ಕುರಿಯಿಂದಲ್ಲ. ಹಾಗಾದರೆ ಕುರಿ ಹಿಕ್ಕಿ ಇದ್ದಲ್ಲೇ ಇರಲಿ, ಲದ್ದಿಯನ್ನು ಮಾತ್ರ ದಿನಾ ಬೇರೆ ತೆಗೆಯೋಣ ಎಂದೆ. ಒಂದೇ ಕುದುರೆಯ ಲದ್ದಿ, ಬುಟ್ಟಿಯ ಕೆಲಸ. ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸುವುದು, ಮಳೆ ಇದ್ದರೆ ಗುಂಡಿಗೆ ಹಾಕಿ ಕರಿ ಪ್ಲಾಸ್ಟಿಕ್ ಹೊದಿಸಿ ಬೇಯಲು ಬಿಡುವುದು. ಗೊಬ್ಬರ ಗೊಬ್ಬರವಾಗಿಯೇ ಉಳಿಯುತ್ತದೆ. ಕಾಕಾ ಸ್ವಲ್ಪ ಹೊತ್ತು ಬೀಡಿ ಸೇದಿ, ಮಗನಿಗೆ ಬುಟ್ಟಿ ತೋರಿಸಿದ.

ಸೆಪ್ಟೆಂಬರ್ 17, ಬುಧವಾರ

ಗ್ಲ್ಯಾಂಡರ್ಸ್ ಇಲ್ಲ. ಶಾಲೆಯಲ್ಲಿದ್ದಾಗ ಬಾಯಿ ಫೋನ್ ಮಾಡಿದರು. ಸಂಜೆ ಕಾಗದದ ಪ್ರತಿ ತೆಗೆಸಿಕೊಂಡು ಹೋದೆ. ಕಾಕಾನಿಗೆ ಓದಲು ಬರುವುದಿಲ್ಲ. ಆದರೂ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡು ಚಹಾದಂಗಡಿಗೆ ಹೋಗಿ, ಅಲ್ಲಿದ್ದವರ ಕೈಗೆ ಕೊಟ್ಟು ಜೋರಾಗಿ ಓದಿಸಿದನಂತೆ. ಕೆಂಪಿಯನ್ನು ಮನೆ ಮುಂದೆ ತಂದು ಕಟ್ಟಿದ್ದಾರೆ. ಹಬ್ಬಿಸಿದವನು ಮಾತ್ರ ಈಗ ‘ನಾ ಅವತ್ತೇ ಹೇಳಿದ್ದೆ, ಅದಲ್ಲ ಅಂತ’ ಎನ್ನುತ್ತಿದ್ದಾನೆ.

ಅಕ್ಟೋಬರ್ 5, ರವಿವಾರ

ಬಹಳ ದಿನ ಬರೆಯಲಾಗಲಿಲ್ಲ. ಮಳೆ, ಶಾಲೆಯ ಕೆಲಸ, ದಸರಾ.

ಮಾಂಸದ ತುಂಡಿನ ವರದಿಯೂ ಬಂತು. ಹುಳದ ಮರಿಯ ಗುರುತು ಅದರಲ್ಲಿದೆ. ಮಳೆಗಾಲದಲ್ಲಿ ನಿಂತ ನೀರಿನಿಂದ ಬರುವ ಪಿಥಿಯಂ ಎಂಬುದೊಂದಿದೆ, ನೋಡಲು ಹೀಗೇ, ಹರಳೂ ಇರುತ್ತವೆ, ವಾಸಿಯಾಗುವುದು ಬಲು ಕಷ್ಟ. ಬಾಯಿಗೆ ಒಳಗೊಳಗೇ ಅದರ ಚಿಂತೆ ಇತ್ತೆಂದು ಈಗ ಹೇಳಿದರು. ಆವಾಗ ಹೇಳದೆ ಇದ್ದದ್ದೇ ಒಳ್ಳೆಯದಾಯಿತು.

ದಿನಾ ಬೆಳಿಗ್ಗೆಯ ಕೆಲಸ ಈಗ ಮನೆಮಂದಿಗೆಲ್ಲ ಬಾಯಿಪಾಠ. ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆಯುವುದು, ಒರೆಸಿ ಒಣಗಿಸುವುದು, ಬಾಯಿ ಕಲಸಿ ಕೊಟ್ಟ ಮುಲಾಮು, ತೆಳ್ಳನೆಯ ಬ್ಯಾಂಡೇಜ್ ಬಟ್ಟೆ, ಅದರ ಮೇಲೆ ಕಾಕಾನ ಹಳೆ ಧೋತರದ ಪಟ್ಟಿ. ನೊಣಕ್ಕೆ ಗಾಯ ಕಾಣಬಾರದು, ಅಷ್ಟೇ. ಒಣದ್ರಾಕ್ಷಿ ಶೆಡ್ಡಿನವರು ಎಸೆದಿದ್ದ ಹಸಿರು ಬಲೆ ತಂದು ಕೆಂಪಿ ನಿಲ್ಲುವ ಜಾಗಕ್ಕೆ ಎರಡು ಪದರ ಕಟ್ಟಿದ್ದೇವೆ. ಪಟ್ಟಿ ಕಚ್ಚಿ ಬಿಚ್ಚದ ಹಾಗೆ ಕಾಕಾ ತಾನೇ ಒಂದು ಉಪಾಯ ಮಾಡಿದ. ಬಿದಿರಿನ ಕೋಲುಗಳನ್ನು ಎರಡು ಹಗ್ಗಗಳ ನಡುವೆ ಸಾಲಾಗಿ ಪೋಣಿಸಿ ಕೊರಳಿಗೆ ಹಾಕಿದ. ಕೆಂಪಿ ಮೇವಿಗೆ ತಲೆ ಹಾಕಬಹುದು, ಕಾಲಿನ ಕಡೆ ಕತ್ತು ಬಗ್ಗಿಸಲು ಕೋಲು ಬಿಡುವುದಿಲ್ಲ. ಅವನಪ್ಪ ಮಾಡುತ್ತಿದ್ದನಂತೆ. ಬಾಯಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಪ್ರೆಡ್ನಿಸೊಲೋನ್, ಅಂದರೆ ಆ ಸ್ಟಿರಾಯ್ಡ್ ಮಾತ್ರೆಯ ಕತೆ ಬೇರೆ. ಕಿಲೋಗೆ 1 ಮಿಲಿಗ್ರಾಂ ಎಂದರೆ ದಿನಕ್ಕೆ ಮಾತ್ರೆಗಳ ಒಂದು ಹಿಡಿಯೇ ಆಗುತ್ತದೆ. ಕಾಕಿ ಅವನ್ನು ಕುಟ್ಟಿ ಬೆಲ್ಲ, ಜೋಳದ ಹಿಟ್ಟಿನಲ್ಲಿ ಉಂಡೆ ಕಟ್ಟುತ್ತಾಳೆ. ಮೊದಲ ದಿನ ಕೆಂಪಿ ಬೆಲ್ಲ ನೆಕ್ಕಿ ಪುಡಿ ಉಗುಳಿತು. ಈಗ ಉಂಡೆಯ ಬಟ್ಟಲು ಕಂಡರೆ ಕೆನೆಯುತ್ತದೆ. ಹುಣ್ಣು ಇಳಿಯುವುದು ಕಂಡ ಕೂಡಲೇ ಕಾಕಾ ಮಾತ್ರೆ ನಿಲ್ಲಿಸಲು ಹೊರಟ. ಒಮ್ಮೆಲೇ ನಿಲ್ಲಿಸಬಾರದು, ಇಳಿಸುತ್ತ ಇಳಿಸುತ್ತ ಬರಬೇಕು. ದಿನದಿನದ ಮಾತ್ರೆಯನ್ನು ಗೋಡೆ ಕ್ಯಾಲೆಂಡರಿನ ಮನೆಗಳಲ್ಲಿ ಚುಕ್ಕೆ ಇಟ್ಟು ಕೊಟ್ಟಿದ್ದೇನೆ. ಎಷ್ಟು ಚುಕ್ಕೆಯೋ ಅಷ್ಟು ಮಾತ್ರೆ. ಸ್ಟಿರಾಯ್ಡಿನಿಂದ ಗೊರಸಿನ ಒಳಗೆ ಉರಿ ಏಳುವ ಅಪಾಯವಿದೆ. ಹಾಗಾಗಿ ಕಾಕಾ ಬೆಳಿಗ್ಗೆ ನಾಲ್ಕೂ ಗೊರಸು ಮುಟ್ಟಿ ಬಿಸಿ ನೋಡುತ್ತಾನೆ, ಗಂಟಿನ ಹಿಂದೆ ಬೆರಳಿಟ್ಟು ನಾಡಿ ನೋಡುತ್ತಾನೆ. ಈ ಕೆಲಸದಲ್ಲಿ ಅವನ ಬೆರಳಿಗೆ ತಿಳಿಯುವಷ್ಟು ನನ್ನದಕ್ಕೆ ತಿಳಿಯುವುದಿಲ್ಲ.

ಇವತ್ತು ಪಟ್ಟಿ ಬಿಚ್ಚಿದಾಗ ಅಳೆದೆ. ಅಡ್ಡಡ್ಡ 3 ಸೆಂಟಿಮೀಟರ್ ಉಳಿದಿದೆ. ಅಂಚಿನಿಂದ ತೆಳ್ಳನೆಯ ಗುಲಾಬಿ ಚರ್ಮ ಒಳಗೆ ಬರುತ್ತಿದೆ. ಅಲ್ಲಿ ಕೂದಲು ಬಂದರೂ ಬೆಳ್ಳಗೇ ಬರಬಹುದು ಎಂದರು ಬಾಯಿ. ಮುಂದಿನ ಮಳೆಗಾಲಕ್ಕೆ ಮರುಕಳಿಸುವುದಿಲ್ಲ ಎಂದು ಅವರು ಬರೆದುಕೊಡಲಿಲ್ಲ. ಜೂನ್ ಬರುವ ಮೊದಲೇ ಮತ್ತೆ ಪೇಸ್ಟ್ ಹಾಕಬೇಕು, ಲದ್ದಿಯ ಶಿಸ್ತು ಬಿಡಬಾರದು, ಕಾಲಿಗೆ ನೈಲಾನ್ ಕಟ್ಟಬಾರದು.

ಈಗ ಚರ್ಚೆ ದೀಪಾವಳಿಯ ಪಯಣದ್ದು. ಕೆಂಪಿಯನ್ನು ನಮ್ಮ ಹಿತ್ತಲಲ್ಲಿ ಬಿಟ್ಟು ಹೋಗಿ ಎಂದೆ. ಕಾಕಾ ಕೇಳಲೇ ಇಲ್ಲ, ‘ಅದನ್ನ ಬಿಟ್ಟ ಹೋದ್ರ ಕುರಿ ಮುಂದ ಹೋಗಂಗಿಲ್ರಿ.’ ಕೆಂಪಿಯನ್ನು ಬಿಟ್ಟು ಮುಂದೆ ಹೋಗಲಾರದವರು ಕುರಿಗಳಲ್ಲ, ಅವನೇ. ನಾನು ಹಾಗೆ ಅನ್ನಲಿಲ್ಲ. ಕೊನೆಗೆ ಬಾಯಿ ಹೇಳಿದ್ದು: ನಡೆಯಲಿ, ಬೆನ್ನ ಮೇಲೆ ಹೊರೆ ಬೇಡ, ಪಟ್ಟಿ ಒದ್ದೆಯಾದ ಹಾಗೇ ಬಿಡಬೇಡಿ. ದಾರಿಯಲ್ಲಿ ಬರುವ ದವಾಖಾನೆಗಳಿಗೆಂದು ಮರಾಠಿಯಲ್ಲಿ ಚೀಟಿಯನ್ನೂ ಬರೆದುಕೊಟ್ಟಿದ್ದಾರೆ. ಅದರ ಬೆನ್ನಿಗೆ ನಾನು ಕಾಕಾನ ಮಗನಿಗಾಗಿ ಕನ್ನಡದಲ್ಲಿ ಬರೆದಿದ್ದೇನೆ.

ಹಾಗಾದರೆ ಡೇರೆ, ಪಾತ್ರೆ, ಮರಿಗಳನ್ನು ಹೊರುವವರು ಯಾರು? ಮಿರಜ್ ಕಡೆಗೆ ಒಂದು ಪಿಕಪ್ ಮಾಡೋಣ ಎನ್ನುತ್ತಾನೆ ಮಗ. ಒಂದು ದಿನದ ಗಾಡಿಯಿಂದ ಏನಾಗುತ್ತದೆ, ಡೇರೆ ಪ್ರತಿ ರಾತ್ರಿ ಬೇರೆ ಕಡೆ ಅಲ್ಲವೇ ಎಂದು ಕಾಕಾ. ಪಕ್ಕದ ವಸ್ತಿಯ ಬೀಗರ ಹತ್ತಿರ ಒಂದು ಕತ್ತೆ ಇದೆ, ಕೇಳುವ ಮಾತಾಗಿದೆ. ಬೀಗರು ಬದಲಿಗೆ ಟಗರು ಮರಿ ಬೇಕು ಅನ್ನುತ್ತಿದ್ದಾರೆ. ಕಾಕಿ ಕೊಡಲು ತಯಾರಿಲ್ಲ. ಮಂಗಳವಾರ ಉಮದಿಯಲ್ಲಿ ಬೀಗರು ಸಿಗುತ್ತಾರಂತೆ, ನೀವೂ ಬರ್ರಿ ಮಾಸ್ತರ ಎಂದಿದ್ದಾರೆ.