ಬೀಜಕ್ಕೆ ಬಿಟ್ಟ ಮುಳ್ಳುಸೌತೆ

ಬುಧವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಅವು ಬಿತ್ತ್‌ಗ್ ಅಕ್ಕಾ." ಅದು ಬೀಜಕ್ಕೆ.

ಆದಿಉಡುಪಿ ಸಂತೆಗೆ ನಾನು ಪ್ರತಿ ವಾರ ಹೋಗುವವಳಲ್ಲ. ಆಗಸ್ಟ್ ನಡುವಿಗೆ ತುಳುವರ ಸೋಣ ತಿಂಗಳು ಹಿಡಿಯಿತೆಂದರೆ ಮಾತ್ರ ತಪ್ಪಿಸುವುದಿಲ್ಲ. ಊರ ತರಕಾರಿ ಕಣ್ಣು ತುಂಬ ಸಿಗುವುದು ಈಗಲೇ. ಬಿಳಿ ಬೆಂಡೆ, ಹೀರೆ, ಅಲಸಂಡೆ, ದಪ್ಪ ದಂಟಿನ ಬಸಳೆ, ತಿಮರೆಯ ಸಣ್ಣ ಸಣ್ಣ ಕಟ್ಟು. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದ ಕೋಸು, ಬೀನ್ಸಿನ ರಾಶಿಗಳನ್ನು ದಾಟಿ ಒಳಗೆ ಹೋದರೆ, ಗೋಣಿ ಹಾಸಿಕೊಂಡು ಕೂತ ನಾಲ್ಕೈದು ಹೆಂಗಸರು ಇರುತ್ತಾರೆ. ಮನೆಯಂಗಳದಲ್ಲಿ, ಗದ್ದೆಯ ಬದಿಯಲ್ಲಿ ಬೆಳೆದದ್ದನ್ನು ಬುಟ್ಟಿಯಲ್ಲಿ ತಂದು ಮಾರುವವರು. ನನಗೆ ಸಂತೆ ಎಂದರೆ ಅವರೇ.

ಅವರಲ್ಲೊಬ್ಬರು, ಅರವತ್ತು ದಾಟಿರಬೇಕು, ಎಳೆ ಮುಳ್ಳುಸೌತೆ ಜೋಡಿಸಿಟ್ಟಿದ್ದರು. ಅವರ ಬೆನ್ನ ಹಿಂದೆ ಹಳೆಯ ಬೈರಾಸಿನಲ್ಲಿ ಸುತ್ತಿದ ಒಂದು ದೊಡ್ಡ ಕಾಯಿ. ಹಳದಿಗೆ ತಿರುಗಿ, ಸಿಪ್ಪೆಯ ಮೇಲೆ ಕಂದು ಗೆರೆ ಬಿದ್ದು, ಚೆನ್ನಾಗಿ ಹಣ್ಣಾಗಿತ್ತು. ನನಗೆ ಬೇಕಾದದ್ದೇ ಅದು. ಬಲಿತ ಮುಳ್ಳುಸೌತೆಯನ್ನು ತುರಿದು, ಅಕ್ಕಿ, ತೆಂಗಿನಕಾಯಿ, ಬೆಲ್ಲ ಸೇರಿಸಿ ಅರಸಿನ ಎಲೆಯಲ್ಲಿ ಬೇಯಿಸುವ ಕಡುಬು ಮಾಡದೆ ಎರಡು ವರ್ಷವಾಗಿದೆ. ಎಳೆಯದರಲ್ಲಿ ಆ ಪರಿಮಳ ಬರುವುದಿಲ್ಲ.

"ಅದಕ್ಕೆ ಎಷ್ಟು?" ಎಂದು ತುಳುವಿನಲ್ಲೇ ಕೇಳಿದೆ.

"ಅವು ಬಿತ್ತ್‌ಗ್ ಅಕ್ಕಾ."

ನೂರು ರೂಪಾಯಿ ಕೊಡುತ್ತೇನೆ ಎಂದೆ. ತಲೆಯಾಡಿಸಿದರು. ನೂರೈವತ್ತು ಎಂದೆ. ಆಗ ಅವರು ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. ಮಕ್ಕಳಿಗೆ ಎರಡನೇ ಸಲ ಹೇಳುವ ಹಾಗೆ ಮೆಲ್ಲಗೆ, "ಕ್ರಯದ ಮಾತಲ್ಲ. ಅವು ಬಿತ್ತ್‌ಗ್" ಎಂದರು. ನಾನು ದುಡ್ಡು ಏರಿಸುತ್ತ ಹೋದದ್ದು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಅಷ್ಟರಲ್ಲಿ ಒಬ್ಬರು ಬಂದು, ಫೋನನ್ನು ಕಿವಿಗೆ ಒತ್ತಿಕೊಂಡೇ, ಅಲಸಂಡೆಯ ಎರಡು ಕಟ್ಟಿಗೆ ಹತ್ತು ರೂಪಾಯಿ ಕಡಿಮೆ ಮಾಡಲು ಜಗಳಕ್ಕೆ ನಿಂತರು. ಅಂಗಡಿಯಲ್ಲಿ ಪ್ಯಾಕೆಟಿನ ಮೇಲೆ ಅಚ್ಚಾದ ಬೆಲೆಗೆ ತುಟಿ ಬಿಚ್ಚದವರು ಗೋಣಿಯ ಮುಂದೆ ಬಗ್ಗಿದ ಕೂಡಲೇ ಲೆಕ್ಕಾಚಾರದವರಾಗುತ್ತಾರೆ. ಮಳೆಗಾಲದಲ್ಲಿ ಅಲಸಂಡೆಗೆ ಹೇನು ಹತ್ತದಂತೆ ದಿನಾ ಬೂದಿ ಎರಚುವ ಕೈಯನ್ನು ಅವರು ಒಮ್ಮೆ ನೋಡಬೇಕಿತ್ತು. ಆ ಅಮ್ಮ ಐದು ರೂಪಾಯಿ ಬಿಟ್ಟರು. ಅಲಸಂಡೆಯಲ್ಲಿ ಬಿಟ್ಟರು, ಆ ಹಳದಿ ಕಾಯಿಯಲ್ಲಿ ನನಗೆ ಬಿಡಲಿಲ್ಲ.

ಬೀಜಕ್ಕೆಂದು ಒಂದು ಕಾಯಿ ಬಿಡುವುದು ಸಣ್ಣ ಸಂಗತಿಯಲ್ಲ. ಎಳೆಯದಿರುವಾಗ ಕೊಯ್ದರೆ ಬಳ್ಳಿ ಮತ್ತೆ ಮತ್ತೆ ಮಿಡಿ ಬಿಡುತ್ತದೆ. ಹಣ್ಣಾಗಲು ಬಿಟ್ಟ ಕಾಯಿ ಬಳ್ಳಿಯ ಕಸುವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಹೊಸ ಮಿಡಿ ಕಡಿಮೆಯಾಗುತ್ತದೆ. ಅದೂ ಅಷ್ಟಮಿ, ಚೌತಿ ಎದುರಿಗಿದ್ದು ಮುಳ್ಳುಸೌತೆಗೆ ಒಳ್ಳೆ ಕ್ರಯ ಇರುವ ಹೊತ್ತಿನಲ್ಲಿ! ಬಿಡುವುದೂ ಯಾವುದೋ ಮೂಲೆಯ ಸೊಟ್ಟ ಕಾಯಿಯನ್ನಲ್ಲ, ಒಳ್ಳೆಯ ಬಳ್ಳಿಯ ಒಳ್ಳೆಯ ಕಾಯಿಯನ್ನು. ಹೈಬ್ರಿಡ್ ಬೀಜ ಹಾಕಿದವರಿಗೆ ಈ ಕೆಲಸವೇ ಇಲ್ಲ. ಅದರ ಕಾಯಿಯಿಂದ ಬೀಜ ತೆಗೆದು ಹಾಕಿದರೆ ತಾಯಿಯಂಥದ್ದೇ ಹುಟ್ಟುವುದಿಲ್ಲ, ಪ್ರತಿ ವರ್ಷ ಪ್ಯಾಕೆಟಿಗೇ ಹೋಗಬೇಕು.

ಉಡುಪಿ ಬಳಿಯ ಮಟ್ಟು ಊರಿನ ಬದನೆ ಮಟ್ಟುಗುಳ್ಳದ ಬಗ್ಗೆ ನಾವೆಲ್ಲ ಹೆಮ್ಮೆ ಪಡುತ್ತೇವೆ. ಯತಿ ವಾದಿರಾಜರು ಮಟ್ಟುವಿನವರಿಗೆ ಬೀಜ ಕೊಟ್ಟ ಕಥೆ ಉಡುಪಿಯ ಮಕ್ಕಳಿಗೂ ಗೊತ್ತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಆದರೆ ಕೊಟ್ಟ ಬೀಜ ನಮ್ಮ ಸಾಂಬಾರಿನವರೆಗೆ ಬಂದದ್ದು ಹೇಗೆ? ವರ್ಷವೂ ಯಾರೋ ಒಂದು ಗುಳ್ಳವನ್ನು ಮಾರದೆ, ತಿನ್ನದೆ, ಗಿಡದಲ್ಲೇ ಹಣ್ಣಾಗಲು ಬಿಟ್ಟರು. ಅವರ ಹೆಸರು ಯಾವ ಕಥೆಯಲ್ಲೂ ಇಲ್ಲ. ಬೀಜವನ್ನು ಉಳಿಸುವ, ಹಂಚುವ, ಬದಲಾಯಿಸಿಕೊಳ್ಳುವ ಹಕ್ಕು ರೈತರಿಗೆ ಉಂಟು ಎಂದು 2001ರ ಕಾಯ್ದೆಯೊಂದು ಬರೆದಿಟ್ಟಿದೆ. ಕಾಯ್ದೆಯ ಸುದ್ದಿ ಕೇಳಿರದ ಹೆಂಗಸರು ಅದನ್ನು ಮೊದಲಿಂದಲೂ ನಡೆಸಿಕೊಂಡೇ ಬಂದಿದ್ದಾರೆ.

ನಾನು ಬೆಂಡೆ ಆರಿಸುತ್ತಿದ್ದಾಗ ಇನ್ನೊಬ್ಬ ಹೆಂಗಸು ಕೊಡೆ ಮಡಚುತ್ತ ಬಂದು ಗೋಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಮಾತು ಹೆಚ್ಚಿರಲಿಲ್ಲ. ಈ ಅಮ್ಮ ಬೈರಾಸು ಸಮೇತ ಕಾಯಿಯನ್ನು ಎತ್ತಿ ಅವರ ಮಡಿಲಿಗೆ ಇಟ್ಟರು. ಬಂದವರ ಗದ್ದೆಯಲ್ಲಿ ಈ ಸಲ ನೆರೆ ನೀರು ನಿಂತು ಬಳ್ಳಿಯೆಲ್ಲ ಕೊಳೆತಿತ್ತಂತೆ, ಬೀಜಕ್ಕೂ ಒಂದು ಉಳಿಯಲಿಲ್ಲವಂತೆ. ಅವರು ಹೋದ ಮೇಲೆ ಅಮ್ಮ ನನ್ನ ಕಡೆ ತಿರುಗಿ ಹೇಳಿದರು, "ನನಗೆ ಮೊದಲು ಬೀಜ ಕೊಟ್ಟದ್ದು ಅವಳೇ."

ಅಲ್ಲಿಂದ ಹೇಗೆ ಹೊರಗೆ ಬಂದೆನೋ. ಬೆಂಡೆಯ ಚಿಲ್ಲರೆ ತೆಗೆದುಕೊಳ್ಳಲೂ ಮರೆತಿದ್ದೆ, ಅವರೇ ಕೂಗಿ ಕರೆದು ಕೊಟ್ಟರು.

ನಮ್ಮ ಹಳ್ಳಿಮನೆಯ ಅಡುಗೆಕೋಣೆಯಲ್ಲಿ ಮಾಡಿಗೆ ಬಾಳೆನಾರಿನಲ್ಲಿ ಕಟ್ಟಿದ ಸಾಂಬಾರು ಸೌತೆಗಳು ತೂಗುತ್ತಿದ್ದವು, ಮಳೆಗಾಲವಿಡೀ ಅದೇ ಪದಾರ್ಥ. ಕೆಳಗೆ ಕಪಾಟಿನಲ್ಲಿ ನನ್ನ ಅಮ್ಮನ ಬಾಟ್ಲಿಗಳು. ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸಿದ ಮುಳ್ಳುಸೌತೆ ಬೀಜ, ಹೀರೆ ಬೀಜ, ಹರಿವೆ ಬೀಜ. ಅಮ್ಮ ನಮ್ಮ ಫ್ಲ್ಯಾಟಿಗೆ ಬಂದ ಮೇಲೆ, ಹೋದ ಏಪ್ರಿಲಿನಲ್ಲಿ, ಆ ಮನೆ ಖಾಲಿ ಮಾಡಿದವಳು ನಾನು. ಪಾತ್ರೆಗಳನ್ನು ಲೆಕ್ಕ ಮಾಡಿ ತಂದೆ. ಹಾರ್ಲಿಕ್ಸ್ ಬಾಟ್ಲಿಗಳಲ್ಲಿ ಬೂದಿ ಕಂಡಿತು, ತೆಂಗಿನ ಬುಡಕ್ಕೆ ಸುರಿದು, ಬಾಟ್ಲಿ ಗುಜರಿಗೆ ಕೊಟ್ಟೆ.

ರಾತ್ರಿ ಊಟದ ಹೊತ್ತಿಗೆ ಅಮ್ಮನಿಗೆ ಸಂತೆಯ ಕಥೆ ಹೇಳಿದೆ. ಅಮ್ಮ ಕೈ ತೊಳೆಯದೆ ಕೂತು ಕೇಳಿದರು. ಯಾವ ಜಾತಿ, ಉದ್ದದ್ದೋ ಗಿಡ್ಡದ್ದೋ, ತೊಟ್ಟು ಕಹಿ ಉಂಟೋ ಎಂದೆಲ್ಲ ವಿಚಾರಿಸಿದರು.

"ನಾಲ್ಕು ಬೀಜ ಕೇಳಬೇಕಿತ್ತಾ ಅಮ್ಮ?" ಎಂದೆ.

"ಕೇಳಿದರೆ ಕೊಡ್ತಿದ್ರು," ಎಂದರು. "ಆದ್ರೆ ನಮಗೆ ಯಾಕೆ ಮಾರಾಯ್ತಿ, ನಮ್ಮದೇ ಉಂಟಲ್ಲ ಬಾಟ್ಲಿಯಲ್ಲಿ."