ಮನೆಯ ಮಾಡು ನೋಡಿ ಬಡತನ ಅಳೆದರೆ ಯಾರು ಬಿಟ್ಟುಹೋಗುತ್ತಾರೆ?

ಬಡ ಕುಟುಂಬಗಳ ಕೈಗೆ ನೇರವಾಗಿ ಹಣ ಕೊಡುವ ಯೋಜನೆಗಳ ಬಗ್ಗೆ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಕೊಡುತ್ತಾರೆ ಎಂದು. ನಾನು ಮೊದಲು ನೋಡುವುದು ಯಾರಿಗೆ ಕೊಡುತ್ತಾರೆ ಎಂಬ ಪಟ್ಟಿಯನ್ನು.

ದಿನಗೂಲಿಯಲ್ಲಿ, ಹೊಲದಲ್ಲಿ ದುಡಿಯುವವರ ಬಳಿ ಸಂಬಳದ ಚೀಟಿ ಇರುವುದಿಲ್ಲ. ಹಾಗಾಗಿ ಸಮೀಕ್ಷೆಯವರು ಮನೆ ನೋಡುತ್ತಾರೆ. ಮಾಡು ತಗಡಿನದೋ ಹುಲ್ಲಿನದೋ, ನೆಲ ಮಣ್ಣೋ ಸಿಮೆಂಟೋ, ದನಕರು ಎಷ್ಟು, ಎಷ್ಟು ಜನ, ಯಾರು ಎಲ್ಲಿಯವರೆಗೆ ಓದಿದ್ದಾರೆ. ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಹಿಂದೆ ನಡೆದ ಮನೆಖರ್ಚಿನ ಸಮೀಕ್ಷೆಯಿಂದ ಲೆಕ್ಕಹಾಕಿರುತ್ತಾರೆ. ಮೊತ್ತ ಗೆರೆಯ ಕೆಳಗೆ ಬಂದರೆ ಹಣ ಸಿಗುತ್ತದೆ, ಮೇಲೆ ಹೋದರೆ ಸಿಗುವುದಿಲ್ಲ.

ಈಗ ಒಂದು ತಗಡಿನ ಮನೆ ನೋಡಿ. ದುಡಿಯುತ್ತಿದ್ದ ಗಂಡ ತೀರಿಕೊಂಡ. ಮರುತಿಂಗಳೇ ಊಟಕ್ಕೆ ತತ್ವಾರ. ತಗಡು ಮಾತ್ರ ಹಾಗೇ ಇದೆ, ಆಕೆಯ ಅಂಕವೂ ಹೆಚ್ಚುಕಡಿಮೆ ಹಾಗೇ ಇದೆ. ಹಲವು ವರ್ಷ ಕೂಡಿಟ್ಟಿದ್ದರ ಗುರುತು ಸೂತ್ರಕ್ಕೆ ಕಾಣುತ್ತದೆ, ಈ ತಿಂಗಳ ಹಸಿವು ಕಾಣುವುದಿಲ್ಲ. ಅದರ ಮೇಲೆ ಗೆರೆಯ ಆಚೀಚೆ ಇರುವ ಮನೆಗಳ ನಡುವೆ ಅಂತರ ತೀರಾ ಕಡಿಮೆ. ಒಂದು ಕುರಿ ಹೆಚ್ಚು ಬರೆದುಕೊಂಡರೂ ಫಲಿತಾಂಶ ಬದಲಾಗಬಹುದು. ತೀರಾ ಕಡುಬಡವರನ್ನಷ್ಟೇ ಹೆಕ್ಕುತ್ತೇವೆಂದು ಗೆರೆಯನ್ನು ಕೆಳಗಿಳಿಸಿದಷ್ಟೂ ನಿಜವಾದ ಬಡವರು ತಪ್ಪಿಹೋಗುವ ಪ್ರಮಾಣ ಏರುತ್ತದೆ.

ಊರವರೇ ಆರಿಸಲಿ ಎಂದರೆ? ಇಂಡೊನೇಷ್ಯಾದ 640 ಹಳ್ಳಿ, ಬಡಾವಣೆಗಳಲ್ಲಿ ಇದನ್ನು ಪರೀಕ್ಷಿಸಿದ್ದರು. ಖರ್ಚಿನ ಲೆಕ್ಕದಲ್ಲಿ ಬಡವರನ್ನು ಗುರುತಿಸುವುದರಲ್ಲಿ ಅಂಕದ ಪದ್ಧತಿಯೇ ತುಸು ಮುಂದಿತ್ತು. ಆದರೆ ಜನರಿಗೆ ಹೆಚ್ಚು ಸಮಾಧಾನ ಕೊಟ್ಟದ್ದು ಸಭೆಯಲ್ಲಿ ಕೂತು ತಾವೇ ಮಾಡಿದ ಪಟ್ಟಿ. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಬಾರದು. ನೆರೆಯವರೇ ಒಪ್ಪದ ಪಟ್ಟಿ ಊರಲ್ಲಿ ಜಗಳ ಹುಟ್ಟಿಸುತ್ತದೆ.

ನನ್ನ ಮಟ್ಟಿಗೆ, ಸೂತ್ರವನ್ನು ತಿದ್ದುವುದಕ್ಕಿಂತ ನೋಂದಣಿಯ ಬಾಗಿಲು ವರ್ಷವಿಡೀ ತೆರೆದಿಡುವುದು ಮುಖ್ಯ. ಐದಾರು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡಿ ಬಾಗಿಲು ಹಾಕಿಕೊಂಡರೆ ನಡುವೆ ಬಡವಾದವರು ಎಲ್ಲಿಗೆ ಹೋಗಬೇಕು? ಬ್ರೆಜಿಲ್‌ನಲ್ಲಿ 2001ರಲ್ಲಿ ಶುರುವಾದ ಕಡಾಸ್ಟ್ರೊ ಯೂನಿಕೊ ಎಂಬ ಒಂದೇ ನೋಂದಣಿಯಲ್ಲಿ ಕುಟುಂಬದ ವಿವರಗಳನ್ನು ಎರಡು ವರ್ಷದೊಳಗೆ ಹೊಸದು ಮಾಡಲೇಬೇಕು. ಮನೆಯ ಸ್ಥಿತಿ ಬದಲಾದರೆ ಅದಕ್ಕೂ ಮೊದಲೇ ಸ್ಥಳೀಯ ಆಡಳಿತದ ಕಚೇರಿಗೆ ಹೋಗಿ ಹೇಳಬಹುದು.

ಆಫ್ರಿಕಾದ ಪುಟ್ಟ ದೇಶ ಲೆಸೊಥೊ 2004ರಲ್ಲಿ ಬೇರೆ ದಾರಿ ಹಿಡಿಯಿತು: 70 ದಾಟಿದ, ಬೇರೆ ಸರ್ಕಾರಿ ಪಿಂಚಣಿ ಇಲ್ಲದ ಎಲ್ಲರಿಗೂ ಪಿಂಚಣಿ. ಮಾಡು ನೋಡುವ ಪ್ರಮೇಯವೇ ಇಲ್ಲ. ಖರ್ಚು ಹೆಚ್ಚು, ನಿಜ. ವಯಸ್ಸಿನ ದಾಖಲೆಯಿಲ್ಲದ ಮುದುಕರು ಇಂಥ ಯೋಜನೆಯಲ್ಲೂ ಹೊರಗುಳಿಯಬಹುದು, ಹಾಗಾಗಿ ದಾಖಲೆ ಮಾಡಿಕೊಡುವ ಕೆಲಸವನ್ನೂ ಯೋಜನೆಯೇ ಹೊರಬೇಕು.

ಅಂಕದ ಪದ್ಧತಿಯನ್ನೇ ಇಟ್ಟುಕೊಳ್ಳುವುದಾದರೆ, ಹೆಸರು ಬಿಟ್ಟುಹೋದವರಿಗೆ ಕಾರಣ ಬರೆದ ಚೀಟಿ ಕೊಡಿ: ಎಷ್ಟು ಅಂಕ, ಯಾವುದಕ್ಕೆ, ಯಾವ ದಿನದೊಳಗೆ ದೂರು ಕೊಡಬಹುದು. ಆ ದೂರು ಪರಿಶೀಲಿಸಲು ಮೊದಲು ಮನೆಗೆ ಹೋದವರನ್ನು ಬಿಟ್ಟು ಬೇರೆಯವರನ್ನು ಕಳಿಸಿ.